‘ಸೆಕೆ’ ಅಂದರೆ ಬರೀ ಬಿಸಿಯಾ? ಕಟ್ಟಡದ ಎಸಿ ಕೆಲಸದ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ದೊಡ್ಡ ಕಟ್ಟಡಗಳಿಗೆ ಎಸಿ ಮತ್ತು ಗಾಳಿಯ ವ್ಯವಸ್ಥೆ ಡಿಸೈನ್ ಮಾಡುವುದು ನನ್ನ ಕೆಲಸ. ಬಟ್ಟೆ ಅಂಗಡಿ, ಆಸ್ಪತ್ರೆ, ಮದುವೆ ಹಾಲ್ ಎಲ್ಲವೂ ಬರುತ್ತವೆ. ಕಟ್ಟಡ ನೋಡಿಕೊಳ್ಳುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡಕ್ಟ್ (ಗಾಳಿ ಸಾಗಿಸುವ ಕೊಳವೆ), ಚಿಲ್ಲರ್ (ನೀರು ತಣಿಸುವ ಮೆಷಿನ್), ಫಿಲ್ಟರ್ ಇವನ್ನು ಹಾಗೇ ಇಡುತ್ತೇನೆ. ಅವು ಈಗ ಅವರದ್ದೇ ಪದಗಳು. ತೊಡಕಿರುವುದು ಬೇರೆ ಕಡೆ.

ಎಸಿ ಎರಡು ಕೆಲಸ ಮಾಡುತ್ತದೆ. ಗಾಳಿಯ ಬಿಸಿ ಇಳಿಸುತ್ತದೆ, ಗಾಳಿಯಲ್ಲಿರುವ ನೀರನ್ನು ತೆಗೆಯುತ್ತದೆ. ಲೆಕ್ಕದಲ್ಲಿ ಮೊದಲನೆಯದು ಸೆನ್ಸಿಬಲ್ ಲೋಡ್, ಎರಡನೆಯದು ಲೇಟೆಂಟ್ ಲೋಡ್. ಎರಡನೆಯದಕ್ಕೆ ಶಾಲೆಯಲ್ಲಿ ಕಲಿತ ‘ಗುಪ್ತೋಷ್ಣ’ ಇದೆ. ಆವಿಯಲ್ಲಿ ಅಡಗಿರುವ ಈ ಶಾಖ ಥರ್ಮಾಮೀಟರಿಗೆ ಕಾಣುವುದಿಲ್ಲ, ಹಾಗಾಗಿ ಗುಪ್ತ. ಸರಿಯೇ. ಆದರೆ ಮೇ ತಿಂಗಳಲ್ಲಿ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾದವರಿಗೆ ಅದು ಗುಪ್ತ ಅಂದರೆ ನಕ್ಕಾರು. ಅಂಗಿ ಬೆನ್ನಿಗೆ ಅಂಟಿರುತ್ತದೆ!

ಲೆಕ್ಕವೂ ಹಾಗೇ ಹೇಳುತ್ತದೆ. ಹೊರಗೆ 33 ಡಿಗ್ರಿ, ತೇವಾಂಶ ಶೇಕಡಾ 70 ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಗಾಳಿಯಲ್ಲಿ ಸುಮಾರು 22 ಗ್ರಾಂ ನೀರಿನ ಆವಿ ಇರುತ್ತದೆ. ಒಳಗೆ ನಮಗೆ ಬೇಕಾದದ್ದು 24 ಡಿಗ್ರಿ, ಶೇಕಡಾ 55. ಅಲ್ಲಿ ಇರುವುದು 10 ಗ್ರಾಂ. ಅಂದರೆ 12 ಗ್ರಾಂ ತೆಗೆಯಬೇಕು. ಅದಕ್ಕೆ ಸುಮಾರು 30 ಕಿಲೋಜೂಲ್ ಹೋಗುತ್ತದೆ. 9 ಡಿಗ್ರಿ ಬಿಸಿ ಇಳಿಸಲು ಬರೀ 9 ಚಿಲ್ಲರೆ. ಹೊರಗಿನಿಂದ ಎಳೆದುಕೊಳ್ಳುವ ಗಾಳಿಯ ಮಟ್ಟಿಗೆ ನಮ್ಮೂರಲ್ಲಿ ನೀರಿನ ಖರ್ಚೇ ಮೂರು ಪಟ್ಟು ಜಾಸ್ತಿ.

ನನ್ನ ಮುಖ್ಯ ಪ್ರಶ್ನೆ ಇಲ್ಲಿದೆ. ನಮ್ಮ ಕಡೆ ಬಿಸಿಲು ಬೇರೆ, ಸೆಕೆ ಬೇರೆ. ಮೋಡ ಕವಿದ ದಿನವೂ ಸೆಕೆ ಇರುತ್ತದೆ, ರಾತ್ರಿಯೂ ಇರುತ್ತದೆ. ಬೆವರು ಆರದೆ ಒದ್ದಾಡುವುದೇ ಸೆಕೆ. ಹಾಗಾದರೆ ಲೇಟೆಂಟ್ ಲೋಡ್‌ಗೆ ‘ಸೆಕೆ ಹೊರೆ’, ಸೆನ್ಸಿಬಲ್‌ಗೆ ‘ಬಿಸಿ ಹೊರೆ’ ಅನ್ನಬಹುದಾ? ಇಲ್ಲಿಯ ಹುಡುಗರಿಗೆ ಕೂಡಲೇ ಹೊಳೆಯುತ್ತದೆ. ಬಳ್ಳಾರಿ, ಕಲಬುರಗಿ ಕಡೆಯವರು ಹೇಳಿ: ನಿಮ್ಮಲ್ಲಿ ಒಣ ಬಿಸಿಗೂ ಸೆಕೆ ಅನ್ನುತ್ತೀರಾ? ಅಥವಾ ಅದಕ್ಕೆ ಧಗೆ, ಝಳ ಅಂತಲೇ ಹೇಳುವುದಾ? ಅಲ್ಲಿ ಸೆಕೆಗೆ ನೀರಿನ ಸಂಬಂಧವೇ ಇಲ್ಲದಿದ್ದರೆ ನನ್ನ ಪದ ಚಾರ್ಮಾಡಿ ಘಾಟಿ ಹತ್ತುವುದಿಲ್ಲ.

ಇದಕ್ಕೇ ಸೇರಿದ ಇನ್ನೊಂದು. ಲೆಕ್ಕಕ್ಕಿಂತ ದೊಡ್ಡ ಎಸಿ ಹಾಕಿಸುವ ಚಟ ಇಲ್ಲಿ ಬಹಳ. ದೊಡ್ಡ ಮೆಷಿನ್ ಬೇಗ ತಂಪು ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ನೀರು ತೆಗೆಯಲು ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ರೂಮು ತಂಪು, ಆದರೆ ಮೈ ಜಿಗುಟು, ಸೋಫಾಕ್ಕೆ ಬೂಷ್ಟು. “ಎಸಿ ಹಾಕಿದ್ರೂ ಒಂಥರಾ ಆಗ್ತದೆ ಮಾರಾಯ್ರೆ” ಅಂತ ಮಾಲೀಕರು ಫೋನ್ ಮಾಡುತ್ತಾರೆ. ಆ ‘ಒಂಥರಾ’ಕ್ಕೆ ಪದ ಬೇಕು. ತಂಪೂ ಹೌದು, ಪಸೆಯೂ ಹೌದು. ‘ಥಂಡಿ’ ಅಂದರೆ ಚಳಿ ಅಂದುಕೊಳ್ಳುತ್ತಾರೆ, ‘ಶೀತ’ ಅಂದರೆ ನೆಗಡಿ. ‘ಪಸೆತಂಪು’ ಅಂತ ಕಟ್ಟಿದ್ದೇನೆ. ನನಗೇ ಅಷ್ಟು ಹಿಡಿಸಿಲ್ಲ.

‘ಟನ್’ ಬದಲಿಸುವ ಆಸೆ ಇಲ್ಲ, ವಿವರಣೆ ಮಾತ್ರ ಕೊಡುತ್ತೇನೆ. 100 ಟನ್ ಎಸಿ ಅಂದಾಗ “ಸ್ಲ್ಯಾಬ್ ತಡೆದೀತಾ?” ಅಂತ ಕೇಳಿದವರಿದ್ದಾರೆ. ಅದು ಮೆಷಿನ್ ತೂಕ ಅಲ್ಲ. ಒಂದು ಟನ್ ಅಂದರೆ 907 ಕಿಲೋ (ಅಮೆರಿಕದ ಟನ್) ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖದ ವೇಗ, ಸುಮಾರು 3.5 ಕಿಲೋವ್ಯಾಟ್.

ಡ್ಯೂ ಪಾಯಿಂಟ್‌ಗೆ (ಗಾಳಿಯ ಆವಿ ನೀರಾಗತೊಡಗುವ ಉಷ್ಣತೆ) ಪುಸ್ತಕದಲ್ಲಿ ‘ಇಬ್ಬನಿ ಬಿಂದು’. ಚೆಂದದ ಪದ. ಆದರೆ ಸೈಟಿನಲ್ಲಿ ಯಾರೂ ಇಬ್ಬನಿ ಅನ್ನುವುದಿಲ್ಲ. “ಪೈಪ್ ಬೆವರ್ತಾ ಉಂಟು ಸರ್” ಅನ್ನುತ್ತಾರೆ. ಮೇಲೆ ಹೇಳಿದ ಹೊರಗಿನ ಗಾಳಿ ಸುಮಾರು 27 ಡಿಗ್ರಿಗೇ ಬೆವರತೊಡಗುತ್ತದೆ. ಹಾಗಾಗಿ ಇನ್ಸುಲೇಷನ್ ಒಂದು ಬೆರಳಷ್ಟು ಬಿಟ್ಟರೂ ಸೀಲಿಂಗ್ ಮೇಲೆ ಕಲೆ ಗ್ಯಾರಂಟಿ. ನಾನು ‘ಬೆವರು ಬಿಂದು’ ಅಂತ ಬರೆದಿದ್ದೇನೆ. ಯಾರದ್ದಾದರೂ ತಕರಾರು ಇದೆಯಾ?

ಫಾಲ್ಸ್ ಸೀಲಿಂಗ್‌ಗೆ ‘ಮುಚ್ಚಿಗೆ’ ಸಾಕಲ್ವಾ? ಹಂಚಿನ ಮನೆಗಳ ಮರದ ಮುಚ್ಚಿಗೆ ಇಲ್ಲಿ ಎಲ್ಲರಿಗೂ ಗೊತ್ತು. ಡಕ್ಟ್ ಓಡುವುದು ಮುಚ್ಚಿಗೆಯ ಮೇಲೆ. ಬೇರೆ ಜಿಲ್ಲೆಯವರಿಗೆ ಈ ಪದ ಗೊತ್ತಿದೆಯಾ ಅನ್ನುವುದಷ್ಟೇ ಪ್ರಶ್ನೆ.

ವೆಂಟಿಲೇಷನ್‌ಗೆ ‘ವಾತಾಯನ’ ನನಗೆ ಬೇಡ. ‘ಗಾಳಿಯಾಟ’ ಸಾಕು. ವೆಂಟಿಲೇಟರ್ ಅಂತೂ ಕೊರೋನಾ ನಂತರ ಐಸಿಯುಗೆ ಸೇರಿಹೋಯಿತು.

‘ಹವಾನಿಯಂತ್ರಣ’ದ ಬಗ್ಗೆ ಒಂದು ಮಾತು. ಇದು ಹುಟ್ಟಿದ್ದು ತಂಪಿಗಾಗಿ ಅಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಮಾಡಿದ ಡಿಸೈನ್ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ‘ಏರ್ ಕಂಡೀಷನಿಂಗ್’ ಅನ್ನುವ ಪದ ತಂದದ್ದು ಸ್ಟುವರ್ಟ್ ಕ್ರೇಮರ್, 1906ರಲ್ಲಿ. ಆತ ಜವಳಿ ಗಿರಣಿಯ ಎಂಜಿನಿಯರ್. ಅಲ್ಲಿ ಬೇಕಿದ್ದದ್ದು ಗಾಳಿಗೆ ತೇವ ಸೇರಿಸುವುದು, ನಮ್ಮ ಕಷ್ಟದ ಪೂರ್ತಿ ಉಲ್ಟಾ. ಎರಡೂ ಕಡೆ ನಡೆಯುವುದು ಗಾಳಿಯನ್ನು ಹದಕ್ಕೆ ತರುವ ಕೆಲಸವೇ. ಚರ್ಮ ಹದ ಮಾಡುತ್ತೇವೆ, ಮಣ್ಣು ಹದ ಮಾಡುತ್ತೇವೆ. ‘ಗಾಳಿ ಹದ ಮಾಡುವುದು’ ಅಂದರೆ ನನಗಂತೂ ನಿಯಂತ್ರಣಕ್ಕಿಂತ ಹತ್ತಿರ ಅನಿಸುತ್ತದೆ. ಬೋರ್ಡು ಬದಲಿಸಿ ಅನ್ನುತ್ತಿಲ್ಲ, ಕೈಪಿಡಿಯ ಮೊದಲ ಪುಟಕ್ಕೆ ಮಾತ್ರ.

ಕೊನೆಯದು ‘ರೀಹೀಟ್’. ಆಪರೇಷನ್ ಥಿಯೇಟರಿನಲ್ಲಿ ನೀರು ತೆಗೆಯಲು ಗಾಳಿಯನ್ನು 12-13 ಡಿಗ್ರಿಯವರೆಗೆ ಇಳಿಸಿ, ಮತ್ತೆ ಸ್ವಲ್ಪ ಬೆಚ್ಚಗೆ ಮಾಡುತ್ತೇವೆ. ಮಂಗಳೂರಲ್ಲಿ ಹೀಟಿಂಗ್ ಅಂತ ಇದ್ದರೆ ಇದೊಂದೇ. ‘ಮರುಬಿಸಿ’ ಅಂದರೆ ನಿನ್ನೆಯ ಸಾಂಬಾರು ನೆನಪಾಗುತ್ತದೆ. ಮನೆಯಲ್ಲಿ ಸ್ನಾನದ ನೀರಿನ ‘ಚಳಿ ಬಿಡಿಸುವುದು’ ಅನ್ನುತ್ತೇವಲ್ಲ, ಅದೇ ಇಲ್ಲಿಗೆ ಸರಿ ಕೂರುತ್ತದೆ. ‘ಚಳಿ ಬಿಡಿಸುವ ಕಾಯಿಲ್’ ಅಂತ ಬರೆಯಲಾ? ಉಡುಪಿ, ಕುಂದಾಪುರದವರು ಇದಕ್ಕೆ ಬೇರೆ ಏನಾದರೂ ಹೇಳುವುದಿದ್ದರೆ ತಿಳಿಸಿ.