ಪದಚರ್ಚೆ: ‘ಆಫ್‌ಲೈನ್ ಜಾಹೀರಾತು’ ಅನ್ನೋದಕ್ಕೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಸಣ್ಣ ಅಂಗಡಿಯವರಿಗೆ, ಮನೆಯಲ್ಲೇ ಏನಾದರೂ ತಯಾರಿಸಿ ಮಾರುವವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಸೈಟ್ ಸಿದ್ಧವಾದ ಮೇಲೆ ಎಲ್ಲರೂ ಕೇಳುವುದು ಒಂದೇ: ಇದು ಜನರಿಗೆ ಗೊತ್ತಾಗೋದು ಹೇಗೆ? ಮೊಬೈಲಿನಲ್ಲಿ ಜಾಹೀರಾತು ಕೊಡಬೇಕಾ, ಹ್ಯಾಂಡ್‌ಬಿಲ್ ಹೊಡೆಸಬೇಕಾ? ಎಲ್ಲರಿಗೂ ಬಾಯಲ್ಲಿ ಹೇಳುವ ಬದಲು ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. ಮುದ್ರಣ ಕಾಶಿ ಅನ್ನಿಸಿಕೊಂಡ ಗದಗ ಪಕ್ಕದಲ್ಲೇ ಇರುವಾಗ ಅಲ್ಲೇ ಅಚ್ಚು ಹಾಕಿಸುವ ಆಸೆ. ಆದರೆ ಶುರುವಿನಲ್ಲೇ ಪದಗಳು ತಕರಾರು ತೆಗೆದಿವೆ.

‘ಆನ್‌ಲೈನ್’ ಎಲ್ಲರಿಗೂ ಗೊತ್ತು, ಅದನ್ನು ಹಾಗೇ ಬಿಡುತ್ತೇನೆ. ಕಷ್ಟ ಇರುವುದು ‘ಆಫ್‌ಲೈನ್’ ಹತ್ತಿರ. ಬ್ಯಾಡಗಿಯ ಕಡೆಯ ಒಬ್ಬ ಅಕ್ಕ ಮನೆಯಲ್ಲೇ ಖಾರಪುಡಿ ಮಾಡಿ ಸೈಟ್ ಮೂಲಕ ಮಾರುತ್ತಾರೆ. ಕರಡು ಓದಿಸಿದರೆ, “ಆಫ್‌ಲೈನ್ ಜಾಹೀರಾತು ಅಂದ್ರ ನೆಟ್ ಹೋದಾಗ ಕಾಣೋದೇನ್ರಿ?” ಅಂದರು. ಅವರು ಕೇಳಿದ್ದು ಸರಿಯೇ. ನೆಟ್‌ವರ್ಕ್ ಹೋದಾಗ ಫೋನು ತೋರಿಸುವ ಪದವೇ ಅದು. ಗೋಡೆ, ಪೇಪರ್, ಆಟೋದ ಮೈಕು ಇವಕ್ಕೆಲ್ಲ ಆ ಹೆಸರು ಅಂತ ಅವರಿಗೆ ಯಾಕೆ ಹೊಳೆಯಬೇಕು?

ಬೇರೆ ಪದಗಳನ್ನು ಹಾಕಿ ನೋಡಿದೆ. ‘ಸಾಂಪ್ರದಾಯಿಕ ಜಾಹೀರಾತು’ ಅಂದರೆ ಆರತಿ ತಟ್ಟೆ ಹಿಡಿದು ಬಂದ ಹಾಗಿರುತ್ತದೆ. ‘ಮುದ್ರಿತ’ ಅಂದರೆ ಆಕಾಶವಾಣಿಯೂ ಆಟೋ ಮೈಕೂ ಹೊರಗೆ ಉಳಿಯುತ್ತವೆ. ‘ಜಾಲದಾಚೆಯ’ ಕೇಳಲು ಚೆಂದ, ಆದರೆ ನಮ್ಮೂರ ಪೇಟೆ ದುರ್ಗದ ಬೈಲಿನಲ್ಲಿ ನಿಂತು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ‘ಬೀದಿ ಜಾಹೀರಾತು’ ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಪೇಪರಿನದ್ದು ಬೀದಿಯದ್ದಲ್ಲ, ಮನೆ ಬಾಗಿಲಿಗೆ ಬರುವಂಥದ್ದು.

‘ಜಾಹೀರಾತು’ ಪದಕ್ಕೆ ಮಾತ್ರ ನನ್ನ ತಕರಾರಿಲ್ಲ. ಮೂಲ ಅರಬ್ಬಿಯ ‘ಜಾಹಿರ್’, ಅಂದರೆ ಬಯಲಾದದ್ದು, ಎಲ್ಲರಿಗೂ ಕಾಣುವಂಥದ್ದು. ಮರಾಠಿಯವರೂ ‘ಜಾಹಿರಾತ್’ ಅನ್ನುತ್ತಾರೆ. 1956ರ ತನಕ ಮುಂಬೈ ಆಡಳಿತದಲ್ಲಿದ್ದ ನಮ್ಮ ಭಾಗಕ್ಕೆ ಇದು ಹಳೇ ಪರಿಚಯ.

ಆಮೇಲೆ ನಾಮಪದ ಹುಡುಕುವುದನ್ನು ಬಿಟ್ಟು ಜನ ಬಳಸುವ ಕ್ರಿಯಾಪದಗಳಿಗೆ ಕಿವಿ ಕೊಟ್ಟೆ. ಅಲ್ಲಿ ಸಿಕ್ಕಿದ್ದು ಬೇರೆಯೇ ಲೆಕ್ಕ. ಹ್ಯಾಂಡ್‌ಬಿಲ್ ಹೊಡೆಸುತ್ತಾರೆ, ಹಂಚಿಸುತ್ತಾರೆ. ಗೋಡೆ ಬರೆಸುತ್ತಾರೆ. ಪೋಸ್ಟರ್ ಹಚ್ಚಿಸುತ್ತಾರೆ. ಆಟೋಕ್ಕೆ ಮೈಕ್ ಕಟ್ಟಿಸಿ ಊರೆಲ್ಲ ತಿರುಗಿಸುತ್ತಾರೆ. ಹಳ್ಳಿಯಲ್ಲಾದರೆ ಡಂಗುರ ಹೊಡೆಸುತ್ತಾರೆ. ಎಲ್ಲದರಲ್ಲೂ ಆ ‘ಇಸು’ ಇದೆ. ಮಾಡುವವನು ಬೇರೆ, ದುಡ್ಡು ಕೊಡುವವನು ಬೇರೆ. ಫೋನಿನ ವಿಷಯ ಬಂದ ಕೂಡಲೇ ಇದು ಮಾಯ. ಸ್ಟೇಟಸ್ ‘ಹಾಕಿದೆ’, ಗ್ರೂಪಿಗೆ ‘ಬಿಟ್ಟೆ’, ದುಡ್ಡು ಕಟ್ಟಿ ಪೋಸ್ಟ್ ‘ಬೂಸ್ಟ್ ಮಾಡಿದೆ’. ಇಲ್ಲಿ ಗಿರಾಕಿಯೇ ಕೆಲಸಗಾರ. ನಡುವೆ ಪ್ರೆಸ್ಸಿನವನೂ ಇಲ್ಲ, ಪೇಂಟರೂ ಇಲ್ಲ.

ಇದು ಬರೀ ವ್ಯಾಕರಣದ ಮಾತಲ್ಲ. ಖರ್ಚಿನ ಬಗೆಯೂ ಇದರಲ್ಲೇ ಇದೆ. ‘ಇಸು’ ಇರುವ ಕಡೆ ದುಡ್ಡು ಮೊದಲೇ ಒಟ್ಟಿಗೆ ಹೋಗುತ್ತದೆ. ಹೊಡೆಸಿದ ಹ್ಯಾಂಡ್‌ಬಿಲ್ಲಿನಲ್ಲಿ ಫೋನ್ ನಂಬರ್ ತಪ್ಪಿದ್ದರೆ ಅಷ್ಟೂ ರದ್ದಿ. ಫೋನಿನದರಲ್ಲಿ ನೂರಿನ್ನೂರು ರೂಪಾಯಿ ಹಾಕಿ, ಸರಿ ಕಾಣದಿದ್ದರೆ ಸಂಜೆಗೇ ನಿಲ್ಲಿಸಬಹುದು. ಹಾಗಾಗಿ ‘ಹಾಕಿಸುವ ಜಾಹೀರಾತು’, ‘ಹಾಕುವ ಜಾಹೀರಾತು’ ಅಂತ ಎರಡು ಅಧ್ಯಾಯ ಮಾಡಿದರೆ ಹೇಗೆ? ನನಗೇನೋ ಇಷ್ಟವಾಗಿದೆ. ಆದರೆ ಒಂದು ಅನುಮಾನ ಇದೆ. ಈಗ ಫೇಸ್‌ಬುಕ್ ಜಾಹೀರಾತನ್ನೂ ಏಜೆನ್ಸಿಯವರ ಕೈಯಿಂದ ‘ಹಾಕಿಸುವ’ ಜನ ಜಾಸ್ತಿ ಆಗುತ್ತಿದ್ದಾರೆ. ಆಗ ಈ ಗೆರೆ ಅಳಿಸಿ ಹೋಗುತ್ತದೆ, ಅಲ್ವಾ?

ಎರಡನೇ ತೊಡಕು ಆನ್‌ಲೈನ್ ಜಾಹೀರಾತಿನ ಲೆಕ್ಕದಲ್ಲಿ ಬರುವ ‘ಇಂಪ್ರೆಷನ್’ ಅನ್ನುವ ಪದ. ಇದಕ್ಕೆ ನಿಜವಾಗಿಯೂ ನಿಮ್ಮ ಸಹಾಯ ಬೇಕು. ಒಬ್ಬರೇ ಒಂದು ಜಾಹೀರಾತನ್ನು ಮೂರು ಸಲ ಕಂಡರೆ ‘ರೀಚ್’ 1, ‘ಇಂಪ್ರೆಷನ್’ 3. ಮೊದಲನೆಯದು ಮಂದಿಯ ಲೆಕ್ಕ, ಎರಡನೆಯದು ಸಲದ ಲೆಕ್ಕ. ನಮ್ಮ ಜನ ಎರಡನ್ನೂ ಸೇರಿಸಿ “ಇಷ್ಟು ಸಾವಿರ ಮಂದಿಗೆ ಮುಟ್ಟೇತಿ” ಅಂದುಬಿಡುತ್ತಾರೆ. ‘ಮುಟ್ಟೋದು’ ಅಂದರೆ ನಮ್ಮಲ್ಲಿ ಕಾಗದ ಮುಟ್ಟಿತು, ರೊಕ್ಕ ಮುಟ್ಟಿತು ಅನ್ನುವ ಹಾಗೆ. ಕೈಗೆ ಬಂದು ಸೇರಿದ್ದು ಖಾತ್ರಿ ಅಂತ ಅರ್ಥ. ಇಲ್ಲಿ ಅಂಥ ಖಾತ್ರಿ ಏನೂ ಇಲ್ಲ. ಜಾಹೀರಾತು ಉದ್ಯಮದವರೇ ಇಟ್ಟುಕೊಂಡಿರುವ ಅಳತೆ ನೋಡಿ: ಚಿತ್ರದ ಜಾಹೀರಾತು ಅರ್ಧದಷ್ಟಾದರೂ 1 ಸೆಕೆಂಡ್ ಪರದೆಯ ಮೇಲಿದ್ದರೆ ಸಾಕು, ವಿಡಿಯೋ ಆದರೆ 2 ಸೆಕೆಂಡ್. ಅಷ್ಟಾದರೆ ಅದು ‘ಕಾಣಸಿಗುವಂತಿತ್ತು’ ಅಂತ ಲೆಕ್ಕ. ಆ ಹೊತ್ತಿಗೆ ನೋಡುವವರ ಕಣ್ಣು ಪರದೆ ಮೇಲಿತ್ತೋ ಒಲೆ ಮೇಲಿನ ಹಾಲಿನ ಮೇಲಿತ್ತೋ, ಯಾರು ಕಂಡವರು.

‘ತೋರಿಕೆ’ ಅನ್ನಬಹುದಾ? ಆಡಂಬರ, ಸುಳ್ಳು ಅನ್ನುವ ಇನ್ನೊಂದು ಅರ್ಥವೂ ಅದಕ್ಕಿದೆ. ಒಂದು ರೀತಿಯಲ್ಲಿ ಅದೂ ಇಲ್ಲಿಗೆ ಹೊಂದುತ್ತದೆ ಬಿಡಿ. ಆದರೆ ಕೈಪಿಡಿಯಲ್ಲಿ ತಮಾಷೆ ನಡೆಯುವುದಿಲ್ಲ. ಸದ್ಯಕ್ಕೆ ಕೋಷ್ಟಕದ ತಲೆಗೆ ‘ತೋರಿಸಿದ್ದು ಎಷ್ಟು ಸಲ’, ‘ಎಷ್ಟು ಮಂದಿಗೆ’, ‘ಒತ್ತಿದವರು’, ‘ಕೊಂಡವರು’ ಅಂತ ಹಾಕಿದ್ದೇನೆ. ಉದ್ದವಾಯಿತು, ಆದರೆ ಮೋಸ ಇಲ್ಲ. ಕೊನೆಯದಕ್ಕೆ ಇಂಗ್ಲಿಷಿನಲ್ಲಿ ‘ಕನ್ವರ್ಷನ್’ ಅಂತಾರೆ. ‘ಪರಿವರ್ತನೆ’ ಅಂದರೆ ಯಾರೋ ಕುಡಿತ ಬಿಟ್ಟ ಹಾಗೆ ಕೇಳಿಸುತ್ತದೆ. “ಎಷ್ಟು ಗಿರಾಕಿ ಆತು?” ಅಂತ ಕೇಳುವ ನಮ್ಮ ಅಂಗಡಿಕಾರರ ಮಾತೇ ಸಾಕು ಅನಿಸುತ್ತದೆ.

ಈ ನಾಲ್ಕೂ ಸರಿಯಾಗಿ ತಲೆಗೆ ಹೋದರೆ ಯಾವ ಜಾಹೀರಾತು ಬೇಕು ಅಂತ ಆರಿಸುವುದು ಅರ್ಧ ಸುಲಭ. ಖಾರಪುಡಿಯ ಅಕ್ಕನ ವಿಷಯವನ್ನೇ ತೆಗೆದುಕೊಳ್ಳಿ. ಹಾವೇರಿ, ಬ್ಯಾಡಗಿಯಲ್ಲಿ ಗೋಡೆ ಬರೆಸಿ ಏನು ಉಪಯೋಗ? ಅಲ್ಲಿಯವರು ಪೇಟೆಗೆ ಹೋಗಿ ಕಡ್ಡಿ ತಳಿ ಯಾವುದು, ಡಬ್ಬಿ ತಳಿ ಯಾವುದು ಅಂತ ಕೈಯಲ್ಲಿ ಹಿಡಿದು ನೋಡಿಯೇ ಮೆಣಸಿನಕಾಯಿ ಕೊಳ್ಳುವವರು. ಇವರ ಗಿರಾಕಿ ಇರುವುದು ಬೆಂಗಳೂರು, ಪುಣೆಯಲ್ಲಿ. ಅಂಥವರು ಬೇಕೆಂದಾಗ ಗೂಗಲ್‌ನಲ್ಲಿ ಹುಡುಕುತ್ತಾರೆ. ಹುಡುಕಾಟದ ಜಾಹೀರಾತಿಗೆ ಸಾಮಾನ್ಯವಾಗಿ ಯಾರಾದರೂ ಒತ್ತಿದಾಗಷ್ಟೇ ದುಡ್ಡು. ಪ್ರತಿ ಹುಡುಕಾಟಕ್ಕೂ ಒಳಗೊಳಗೇ ಹರಾಜು ನಡೆಯುತ್ತದೆ. ಅದರಲ್ಲಿ ಎಷ್ಟು ಕೂಗಿದಿರಿ ಅನ್ನುವುದರ ಜೊತೆ ಜಾಹೀರಾತು ಎಷ್ಟು ಚೆನ್ನಾಗಿದೆ, ಹುಡುಕಿದ್ದಕ್ಕೆ ಹೊಂದುತ್ತದಾ ಅಂತಲೂ ನೋಡುತ್ತಾರೆ. ಮೆಣಸಿನಕಾಯಿ ಹರಾಜು ಕಂಡ ಬ್ಯಾಡಗಿಯವರಿಗೆ ಹರಾಜು ಅಂದರೇನು ಅಂತ ನಾನು ಹೇಳಿಕೊಡಬೇಕಾದ್ದೇನಲ್ಲ. ಇನ್ನು ‘ಹಾಕಿಸುವ’ ಪೈಕಿ ಅವರಿಗೆ ಆಗಿಬರುವುದು ಒಂದೇ, ಪ್ಯಾಕೆಟ್ಟಿನ ಲೇಬಲ್. ಸರಕಿನ ಜೊತೆಗೇ ಊರು ದಾಟಿ ಹೋಗುತ್ತದೆ.

ಹುಬ್ಬಳ್ಳಿಯ ಟೇಲರಿಗೆ ಇದು ಪೂರ್ತಿ ಉಲ್ಟಾ. ಅವನಿಗೆ ಪುಣೆಯವರು ನೋಡಿ ಪ್ರಯೋಜನವಿಲ್ಲ. ಪೇಪರ್ ಒಳಗೆ ಇಟ್ಟು ಹಂಚುವ ಹ್ಯಾಂಡ್‌ಬಿಲ್, ಜೊತೆಗೆ ಗೂಗಲ್ ನಕ್ಷೆಯಲ್ಲಿ ಅಂಗಡಿ ಹೆಸರು, ಇಷ್ಟು ಸಾಕು. ನಕ್ಷೆಯದು ಪುಕ್ಕಟೆ. ಗೂಗಲ್ ಅದನ್ನು ‘ಮೈ ಬಿಸಿನೆಸ್’ ಅನ್ನುತ್ತಿತ್ತು, 2021ರಲ್ಲಿ ‘ಬಿಸಿನೆಸ್ ಪ್ರೊಫೈಲ್’ ಅಂತ ಮಾಡಿತು. ನಮ್ಮವರು ಎರಡನ್ನೂ ಬಿಟ್ಟು ‘ಮ್ಯಾಪಿನ್ಯಾಗ ಹಾಕ್ಸೋದು’ ಅನ್ನುತ್ತಾರೆ. ಕೈಪಿಡಿಯಲ್ಲೂ ಅದೇ ಇರಲಿ ಅಂದುಕೊಂಡಿದ್ದೇನೆ.

‘ಫ್ಲೆಕ್ಸ್’ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಆದರೂ ಬಟ್ಟೆಯ ಬ್ಯಾನರಿಗೂ ಜನ ಫ್ಲೆಕ್ಸ್ ಅಂತಲೇ ಹೇಳುತ್ತಾರೆ. ನಾನು ‘ಬಟ್ಟೆ ಬ್ಯಾನರ್’ ಅಂತ ಬರೆಯುತ್ತೇನೆ, ಓದಿದವರು ಹೋಗಿ ಪ್ಲಾಸ್ಟಿಕ್ ಮಾಡಿಸಬಾರದಲ್ಲ. ಕಂಡ ಕಂಡ ಗೋಡೆ ಬರೆಸುವುದಕ್ಕೂ 1981ರಿಂದಲೇ ಕಾಯ್ದೆಯ ತಡೆ ಇದೆ, ಅದನ್ನೂ ಸೇರಿಸುತ್ತೇನೆ.

ಕ್ಯೂಆರ್ ಕೋಡಿನದು ಇನ್ನೊಂದು ಕಥೆ. 1994ರಲ್ಲಿ ಜಪಾನಿನ ಕಂಪನಿಯೊಂದು ಕಾರಿನ ಬಿಡಿಭಾಗಗಳ ಲೆಕ್ಕಕ್ಕೆ ಮಾಡಿದ ಈ ಚೌಕ ನಮ್ಮ ಜನರಿಗೆ ರೂಢಿಯಾಗಿದ್ದು ದುಡ್ಡು ಕಳಿಸುವ ಆ್ಯಪ್‌ಗಳಿಂದ. ಹ್ಯಾಂಡ್‌ಬಿಲ್ಲಿನಲ್ಲಿ ‘ಸ್ಕ್ಯಾನ್ ಮಾಡಿ’ ಅಂತ ಬರೆದರೆ, “ಎಷ್ಟು ಹಾಕ್ಬೇಕ್ರಿ?” ಅಂತ ಕೇಳುವವರಿದ್ದಾರೆ. ‘ಇದು ಹಣ ಕಟ್ಟುವ ಕೋಡ್ ಅಲ್ಲ’ ಅಂತ ಬರೆದರೆ ಇಲ್ಲದ ಸಂಶಯ ಹುಟ್ಟುತ್ತದೆ. ‘ಅಂಗಡಿ ನೋಡಲು ಸ್ಕ್ಯಾನ್ ಮಾಡಿ’ ಅಂತ ಇಡಲಾ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ. ಹ್ಯಾಂಡ್‌ಬಿಲ್ಲಿಗೊಂದು, ಲೇಬಲ್ಲಿಗೊಂದು ಬೇರೆ ಬೇರೆ ಕೋಡ್ ಇಟ್ಟರೆ ಸೈಟಿಗೆ ಬಂದವರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ. ಹಾಗಾಗಿ ಆ ಸಾಲು ಅಲ್ಲಿ ಇರಲೇಬೇಕು.

ಇನ್ನೊಂದು, ಆಟೋ ಮೈಕಿನಲ್ಲಿ ಸೈಟಿನ ವಿಳಾಸ ಹೇಳಿಸುವ ಗೋಜಿಗೇ ಹೋಗಬೇಡಿ ಅಂತ ಬರೆದಿದ್ದೇನೆ. ‘ಡಾಟ್ ಕಾಂ’ ಎಲ್ಲರಿಗೂ ತಿಳಿಯುತ್ತದೆ. ತೊಂದರೆ ಇರುವುದು ಸ್ಪೆಲಿಂಗಿನಲ್ಲಿ. ನಮ್ಮ ಊರು ಇಂಗ್ಲಿಷಿನಲ್ಲೂ ‘ಹುಬ್ಬಳ್ಳಿ’ ಆಗಿದ್ದು 2014ರ ನವೆಂಬರ್ 1ಕ್ಕೆ. ಇವತ್ತಿಗೂ ಅರ್ಧ ಜನ ‘ಹುಬ್ಳಿ’ ಅಂತಲೇ ಟೈಪ್ ಮಾಡುತ್ತಾರೆ. ಬ್ಯಾಡಗಿಯಲ್ಲೂ ನಡುವೆ ‘ಎ’ ಇದೆಯೋ ಇಲ್ಲವೋ ಅನ್ನುವುದೇ ಜಗಳ. ಹುಡುಕಾಟದ ಜಾಹೀರಾತಿಗೆ ಪದ ಕೊಡುವಾಗ ಎಲ್ಲ ರೂಪಗಳನ್ನೂ ಕೊಡಬಹುದು. ಮೈಕಿನಲ್ಲಿ ಕೂಗುವುದು ಒಂದೇ ರೂಪ, ಕೇಳಿದವರು ಬರೆದುಕೊಳ್ಳುವುದು ಇನ್ನೊಂದು.

ಕೊನೆಗೆ ಗದಗ, ಹಾವೇರಿ ಕಡೆಯವರಿಗೆ ಒಂದು ಬಿನ್ನಹ. ನಸುಕಿನಲ್ಲಿ ಪೇಪರ್ ಹಾಕುವ ಹುಡುಗರು ಹ್ಯಾಂಡ್‌ಬಿಲ್ಲನ್ನು ಪೇಪರಿನ ಮಡಿಕೆಯೊಳಗೆ ತುರುಕುತ್ತಾರಲ್ಲ, ಆ ಕೆಲಸಕ್ಕೆ ನಿಮ್ಮಲ್ಲಿ ಬೇರೆ ಹೆಸರಿದೆಯೇ? ಇಲ್ಲಿ ಕೆಲವರು ‘ಇನ್ಸರ್ಟ್’ ಅನ್ನುತ್ತಾರೆ, ಕೆಲವರು ಸುಮ್ನೆ ‘ಒಳಗ ಇಡೋದು’ ಅನ್ನುತ್ತಾರೆ. ಪ್ರೆಸ್ಸಿನಲ್ಲಿ, ಪೇಪರ್ ಏಜೆನ್ಸಿಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅಲ್ಲಿ ಆಡುವ ಮಾತನ್ನು ಆಡಿದ ಹಾಗೇ ಬರೆದು ಕಳಿಸಿ. ತಿದ್ದಿ ಶುದ್ಧ ಮಾಡಬೇಡಿ.