ಆರ್ಡರ್ ಬತ್ತಿದಾಗ ಸೇಲ್ಸ್ ಹುಡುಗರನ್ನು ಉಳಿಸಿಕೊಳ್ಳುವುದು ಹೇಗೆ? (ಪುಣೆ, ಭೋಸರಿ)

ಭೋಸರಿವಾಸಿ:
ನಮಸ್ಕಾರ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಟಿಂಗ್ ಟೂಲ್ಸ್ (ಲೋಹ ಕತ್ತರಿಸುವ ಉಪಕರಣ) ಡೀಲರ್‌ಶಿಪ್. ಏಳು ಜನ ಸೇಲ್ಸ್ ಹುಡುಗರು, ಸಂಬಳ 28,000, ತಲಾ ತಿಂಗಳಿಗೆ 10 ಲಕ್ಷ ಟಾರ್ಗೆಟ್. ಶೇ. 80 ದಾಟಿದರೆ ಮಾತ್ರ ಇನ್ಸೆಂಟಿವ್ ಶುರು, ಶೇ. 100 ಮುಟ್ಟಿದರೆ 8,000. ಈಗ ಆಟೋ ಬಿಡಿಭಾಗದ ವರ್ಕ್‌ಶಾಪುಗಳು ಮೂರು ಶಿಫ್ಟಿನಿಂದ ಒಂದಕ್ಕೆ ಇಳಿದಿವೆ, ನಮ್ಮವರೆಲ್ಲ 60–65ರಲ್ಲೇ ನಿಂತಿದ್ದಾರೆ. ಟಾರ್ಗೆಟ್ ಏರಿಸಿದರೆ ಹೆಚ್ಚು ಓಡಾಡುತ್ತಾರೆ ಅಂತ ಪಾರ್ಟ್‌ನರ್ ವಾದ. ಏರಿಸೋದಾ, ಇಳಿಸೋದಾ?

ಮಾಟುಂಗಾ ಮಾವ:
ಏರಿಸಿದರೆ ಬರಗಾಲದಲ್ಲಿ ಅಧಿಕ ಮಾಸ. ಟಾರ್ಗೆಟ್ ಅಲ್ಲೇ ಇರಲಿ, ಕೀಳಬೇಕಾದ್ದು ಆ 80ರ ಬೇಲಿ. 18ನೇ ತಾರೀಖಿಗೆ 4 ಲಕ್ಷದಲ್ಲಿರುವವನಿಗೆ ಈ ತಿಂಗಳು ಕೈಗೆ ಏನೂ ಬರಲ್ಲ ಅಂತ ಗೊತ್ತಾಗಿರುತ್ತದೆ. ಆಮೇಲೆ ಕೈಯಲ್ಲಿರುವ ಆರ್ಡರನ್ನೂ ಮುಂದಿನ ತಿಂಗಳಿಗೆ ತಳ್ಳುತ್ತಾನೆ. ಅದು ಸೋಮಾರಿತನವಲ್ಲ, ನೀವೇ ಹಾಕಿಕೊಟ್ಟ ಲೆಕ್ಕ.

ಹೀಗೆ ಮಾಡಿ: 60ಕ್ಕೆ 3,000, 80ಕ್ಕೆ 5,000, 100ಕ್ಕೆ 8,000, ನಡುವೆ ಪ್ರತಿ ಅಂಕಕ್ಕೂ ಏರಿಕೆ. ಎಲ್ಲರೂ 65ರಲ್ಲಿದ್ದರೆ ತಲಾ 3,500, ಏಳು ಜನಕ್ಕೆ 24,500. ಅವರು ತಂದ 45.5 ಲಕ್ಷದ ವ್ಯಾಪಾರಕ್ಕೆ ಇದು ಶೇಕಡಾ ಅರ್ಧಕ್ಕಿಂತ ಚೂರು ಹೆಚ್ಚು. ಒಬ್ಬ ಬಿಟ್ಟುಹೋಗಿ ಹೊಸಬ ಏರಿಯಾ ಕಲಿಯುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಕೈಬಿಡುತ್ತದೆ. ಆರು ತಿಂಗಳಿಗೆ ಮಾತ್ರ ಅಂತ ಕಾಗದದಲ್ಲಿ ಬರೆದುಕೊಡಿ. ನಡುವೆ ಬದಲಾಯಿಸಿದರೆ ಮುಂದೆ ಯಾವ ಸ್ಕೀಮನ್ನೂ ನಂಬಲ್ಲ.

ಟೂಲ್‌ರೂಮ್ ಟಿಪ್ಪಣಿ:
ಮಾವ ಹೇಳಿದ್ದು ಸರಿ, ಆದರೆ ದುಡ್ಡಷ್ಟೇ ಸಾಲದು. ಒಂದೇ ಶಿಫ್ಟ್ ಓಡುವ ಮಷೀನ್ ಎಷ್ಟು ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಸವೆದರೆ ಬದಲಿಸುವ ಸಣ್ಣ ಬಿಲ್ಲೆ) ತಿನ್ನಬಲ್ಲದು? ಹುಡುಗನ ಕೈಯಲ್ಲಿರೋದು ಬಳಕೆಯಲ್ಲ, ಟ್ರಯಲ್, ಅಂದರೆ ಗಿರಾಕಿಯ ಮಷೀನಲ್ಲೇ ನಮ್ಮ ಟೂಲ್ ಓಡಿಸಿ ತೋರಿಸೋದು. ವಾರಕ್ಕೆ ತಲಾ ಎರಡು ಟ್ರಯಲ್ ಅಂತ ಎಣಿಸಿ, ಪ್ರತಿಯೊಂದಕ್ಕೂ ಪ್ರತಿ ಪೀಸಿನ ಖರ್ಚು ಬರೆಸಿ. ಕೆಲಸ ಕಡಿಮೆ ಇರುವಾಗಲೇ ಸೂಪರ್‌ವೈಸರ್ ಮಷೀನ್ ಬಿಟ್ಟುಕೊಡೋದು, ಮೂರು ಶಿಫ್ಟ್ ಇದ್ದಾಗ ಒಳಗೇ ಬಿಡಲ್ಲ.

ಉದಾಹರಣೆಗೆ, ಸಿಎನ್‌ಎಂಜಿ ಅನ್ನೋ ಆಕಾರದ ಇನ್ಸರ್ಟಿಗೆ ಕತ್ತರಿಸುವ ನಾಲ್ಕು ಅಂಚು, ಡಬ್ಲ್ಯುಎನ್‌ಎಂಜಿಗೆ ಆರು. ಎರಡೂ 300 ರೂಪಾಯಿ ಅಂದುಕೊಂಡರೆ ಅಂಚಿಗೆ 75ರ ಬದಲು 50. ಇನ್ಸರ್ಟ್ ಹಿಡಿಯುವ ಹೋಲ್ಡರ್ ಬದಲಿಸಬೇಕು, ಆಳದ ಕಟ್ ಇರುವ ಕಡೆ ಆಗಿಬರಲ್ಲ, ಅದನ್ನು ಮೊದಲೇ ಹೇಳಬೇಕು. ಈ ಲೆಕ್ಕ ಹಿಡಿದು ಹೋದವನನ್ನು ಪಂಪು, ವಾಲ್ವ್ ಮಾಡುವವರೂ ಕೂರಿಸಿ ಮಾತಾಡಿಸುತ್ತಾರೆ. ರೇಟ್ ಇಳಿಸ್ತೀನಿ ಅಂತ ಬಂದವನನ್ನು ಗೇಟಿನಲ್ಲೇ ಕಳಿಸುತ್ತಾರೆ.

ಇನ್ನೊಂದು. ಗುರುವಾರ ಆ ಕಡೆ ವರ್ಕ್‌ಶಾಪುಗಳಿಗೆ ವಾರದ ರಜೆ. ಅವತ್ತೂ ವಾಟ್ಸಾಪ್ ಗ್ರೂಪಲ್ಲಿ ‘ಇವತ್ತು ಎಷ್ಟು ವಿಸಿಟ್?’ ಅಂತ ಕೇಳಿದರೆ ಸುಳ್ಳು ರಿಪೋರ್ಟೇ ಬರೋದು. ಬದಲಿಗೆ ತಪ್ಪಿಹೋದ ಆರ್ಡರುಗಳ ಚರ್ಚೆಗೆ ಒಂದು ಗಂಟೆ ಕೂತ್ಕೊಳ್ಳಿ. ರೇಟಾ, ಸ್ಟಾಕಾ, ಉಧಾರಿಯಾ ಅಂತ ವಿಂಗಡಿಸಿ. ಸ್ಟಾಕಿಲ್ಲದೆ ತಪ್ಪಿದ್ದು ನಿಮ್ಮ ಖಾತೆಗೆ, ಹುಡುಗನ ಖಾತೆಗಲ್ಲ.

ಲೆಕ್ಕದ ಪುಸ್ತಕ:
ಪೆಟ್ರೋಲ್ ಬಗ್ಗೆ ಯಾರೂ ಹೇಳಲಿಲ್ಲ! ಚಾಕಣ್, ರಾಂಜಣಗಾಂವ್ ಅಂತ ದಿನಕ್ಕೆ 60 ಕಿ.ಮೀ., 24 ದಿನ, ಕಿ.ಮೀ.ಗೆ 4 ರೂಪಾಯಿ ಹಿಡಿದರೂ 5,760. ಸಂಬಳದ ಐದನೇ ಒಂದು ಪಾಲು. ಅದನ್ನು ಜೇಬಿನಿಂದ ಹಾಕಿ ಮುಂದಿನ ತಿಂಗಳ ಕೊನೆಯವರೆಗೆ ಕಾಯುವವನಿಗೆ ದೂರದ ಗಿರಾಕಿ ಬೇಡವೇ ಬೇಡ. ಪ್ರತಿ ಶನಿವಾರ ಕೊಟ್ಟುಬಿಡಿ, ನಿಮಗೆ ಒಂದು ಪೈಸೆ ಹೆಚ್ಚು ಬೀಳಲ್ಲ.

ಭೋಸರಿವಾಸಿ:
ಬೇಲಿ ಕೀಳ್ತೀನಿ, ಪೆಟ್ರೋಲ್ ಸೋಮವಾರದಿಂದಲೇ ವಾರಕ್ಕೊಮ್ಮೆ. ಪೇಮೆಂಟ್ ಬಂದ ಮೇಲೆಯೇ ಇನ್ಸೆಂಟಿವ್ ಅಂತ ಇಟ್ಟರೆ ಹೇಗೆ? ಎಂಎಸ್‌ಎಂಇಯ 45 ದಿನದ ನಿಯಮ (ಸಣ್ಣ ಉದ್ಯಮದ ಬಿಲ್ಲನ್ನು ಅಷ್ಟರೊಳಗೆ ತೀರಿಸಬೇಕು ಅನ್ನೋದು) ಹೇಳಿ ವಸೂಲಿ ಮಾಡಿಸಬಹುದಲ್ಲ?

ಲೆಕ್ಕದ ಪುಸ್ತಕ:
ಆ ನಿಯಮ ನಿಮಗೆ ಸಿಗಲ್ಲ ಸಾರ್. ನೀವು ತಯಾರಕರಲ್ಲ, ವ್ಯಾಪಾರಿಗಳು. 2021ರಲ್ಲಿ ವ್ಯಾಪಾರಿಗಳಿಗೂ ಎಂಎಸ್‌ಎಂಇಯ ಉದ್ಯಮ್ ನೋಂದಣಿ ಬಂತು, ಆದರೆ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ. ಹುಡುಗ ಇದನ್ನು ಹೇಳಿ ಗಿರಾಕಿಯ ಅಕೌಂಟೆಂಟ್ ಎದುರು ಬೆಪ್ಪಾಗೋದು ಬೇಡ. ನಿಮಗೆ ನಡೆಯೋದು ಜಿಎಸ್‌ಟಿಯ 180 ದಿನ: ಇನ್‌ವಾಯ್ಸ್ ತಾರೀಖಿನಿಂದ ಅಷ್ಟರೊಳಗೆ ದುಡ್ಡು ಕೊಡದಿದ್ದರೆ ಗಿರಾಕಿ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು) ಬಡ್ಡಿ ಸಮೇತ ವಾಪಸ್ ಕಟ್ಟಬೇಕು. 150ನೇ ದಿನಕ್ಕೆ ಬಾಕಿ ಇನ್‌ವಾಯ್ಸ್‌ಗಳ ಪಟ್ಟಿ ಕಳಿಸಿ, ಬೈಗುಳಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ಸೆಂಟಿವ್ ಅರ್ಧ ಬಿಲ್ಲಿಗೆ, ಅರ್ಧ ದುಡ್ಡು ಬಂದ ಮೇಲೆ. ಹಳೆ ಬಾಕಿಗೆ ಈ ನಿಯಮ ಹಚ್ಚಬೇಡಿ. ಹುಡುಗ ಬೇಡ ಅಂದರೂ ನೀವೇ ಉಧಾರಿ ಕೊಟ್ಟ ಗಿರಾಕಿ ಇದ್ದರೆ ಅಲ್ಲಿ ಅವನ ಅರ್ಧ ತಡೆಯಬೇಡಿ.