ಕೂಲಿ ಹೆಂಡತಿಯ ಖಾತೆಗೇ ಬಿದ್ದರೆ? ಮಧ್ಯಪ್ರದೇಶದ ಅಧ್ಯಯನದ ಬಗ್ಗೆ ಎರಡು ಪ್ರಶ್ನೆ

ಮಸಿಕುಡಿಕೆ:
ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರ ಅಧ್ಯಯನ (ಅಮೆರಿಕನ್ ಎಕನಾಮಿಕ್ ರಿವ್ಯೂ, 2021) ಓದುತ್ತಿದ್ದೇನೆ. ಉದ್ಯೋಗ ಖಾತ್ರಿ ಕೂಲಿ ಹೆಂಗಸರ ಸ್ವಂತ ಖಾತೆಗೇ ಹೋದಾಗ ಅವರು ಹೆಚ್ಚು ದುಡಿಯೋಕೆ ಹೋದರು ಅನ್ನುತ್ತದೆ. ಕೈಯಲ್ಲಿ ಸ್ವಂತ ದುಡ್ಡು, ಮನೆಯಲ್ಲಿ ಮಾತಿಗೆ ಬೆಲೆ ಬಂದರೆ ಕೂಲಿಗೆ ಹೋಗೋದು ಕಡಿಮೆ ಆಗಬೇಕಲ್ಲವೆ? ಇನ್ನೊಂದು: ರಾಯಚೂರು ಜಿಲ್ಲೆಯಲ್ಲಿ 30 ಹಳ್ಳಿ, ಹಳ್ಳಿಗೆ 20 ಹೆಂಗಸರಂತೆ ಸರ್ವೆ ಮಾಡಿದರೆ ಇದನ್ನೇ ಪರೀಕ್ಷಿಸಬಹುದಾ?

ಕಿರ್ದಿಖಾತೆ:
ಆ ಅಧ್ಯಯನದ ಕಸುವು ಇರೋದೇ ನಿಮ್ಮ ಮೊದಲ ಪ್ರಶ್ನೆಯಲ್ಲಿ. ಹೆಂಗಸಿಗೆ ಕೂಲಿ ಬರೀ ಹೊರೆ ಅಂತಿಟ್ಟುಕೊಂಡರೆ, ಮನೆಯಲ್ಲಿ ಅವಳ ಮಾತು ನಡೆಯತೊಡಗಿದಾಗ ದುಡಿಮೆ ಇಳಿಯಬೇಕು. ಏರಿತು ಅಂದರೆ ಅವಳನ್ನು ತಡೆದಿದ್ದು ಅವಳ ಇಷ್ಟವಲ್ಲ, ‘ಹೆಂಡ್ತೀನ ದುಡಿಯೋಕೆ ಕಳಿಸ್ತಾನೆ’ ಅಂತ ಊರು ಆಡಿಕೊಳ್ಳುತ್ತೆ ಅನ್ನೋ ಗಂಡನ ಅಂಜಿಕೆ. ಅದಕ್ಕೇ ಬದಲಾವಣೆ ಎದ್ದು ಕಂಡಿದ್ದು ಗಂಡಂದಿರ ವಿರೋಧ ಇದ್ದ ಮನೆಗಳಲ್ಲಿ. ಉದ್ಯೋಗ ಖಾತ್ರಿಯಷ್ಟೇ ಅಲ್ಲ, ಖಾಸಗಿ ಕೂಲಿಯೂ ಹೆಚ್ಚಿತು.

ಹೋಲಿಕೆ ಯಾವುದರ ಜೊತೆ ಅನ್ನೋದನ್ನೂ ನೋಡಿ. 197 ಗ್ರಾಮ ಪಂಚಾಯಿತಿಗಳನ್ನು ಲಾಟರಿ ಹಾಕಿದ ಹಾಗೆ ಗುಂಪು ಮಾಡಿದರು: ಕೆಲವು ಕಡೆ ಖಾತೆ ಮಾತ್ರ (ಕೂಲಿ ಮೊದಲಿನ ಹಾಗೆ ಗಂಡನ ಖಾತೆಗೇ), ಕೆಲವು ಕಡೆ ಖಾತೆ ಬಳಸುವ ತರಬೇತಿಯೂ ಉಂಟು, ಕೆಲವು ಕಡೆ ಕೂಲಿ ಹೆಂಗಸಿನ ಖಾತೆಗೇ ನೇರ ಜಮಾ, ಕೆಲವು ಕಡೆ ಎರಡೂ. ಖಾತೆ ಮಾತ್ರ ಸಿಕ್ಕವರಿಗೆ ಹೋಲಿಸಿದಾಗ ಎರಡೂ ಸಿಕ್ಕವರ ದುಡಿಮೆ ಏರಿತು.

ಅಡ್ಡಗೆರೆ:
ಬರೀ ಖಾತೆ ತೆರೆಸಿದರೆ ಏನೂ ಆಗಲ್ಲ ಅನ್ನೋದಕ್ಕೆ ಬೇರೆ ಕಡೆಯ ಸಾಕ್ಷಿಯೂ ಇದೆ. ಉಗಾಂಡ, ಮಲಾವಿ, ಚಿಲಿಯಲ್ಲಿ ಪುಕ್ಕಟೆ ಖಾತೆ ಕೊಟ್ಟು ನೋಡಿದರು, ಬಹುಪಾಲು ಖಾತೆಗಳು ಹಾಗೇ ಬಿದ್ದಿದ್ದವು. ಪಾಂಡೆಯವರೇ ರಾಬಿನ್ ಬರ್ಜೆಸ್ ಜೊತೆ 2005ರಲ್ಲಿ ಬರೆದದ್ದು ಬೇರೆ ವಿಷಯ: ನಮ್ಮ ದೇಶದಲ್ಲಿ 1977ರಿಂದ 1990ರವರೆಗೆ, ಬ್ಯಾಂಕ್ ಇರುವ ಊರಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ನಾಲ್ಕು ಊರಲ್ಲಿ ತೆರೆಯಬೇಕಿತ್ತಲ್ಲ, ಆ ನಿಯಮ. ಅಲ್ಲಿ ಹಳ್ಳಿಯ ಬಡತನ ಇಳಿದಿದ್ದು ಕಂಡಿತು. ಅದು ಶಾಖೆಯ ಮಾತು, ಸಾಲವೂ ಅದರ ಜೊತೆ ಬಂತು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ.

ತೂಕಕಲ್ಲು:
ಸರ್ವೆಗೆ ಬರೋಣ. 600 ಹೆಂಗಸರು ಅಂದ ಮಾತ್ರಕ್ಕೆ 600 ಸ್ವತಂತ್ರ ಮಾಹಿತಿ ಅಲ್ಲ. ಒಂದೇ ಹಳ್ಳಿಯವರ ಉತ್ತರ ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆ (0 ಅಂದರೆ ಏನೂ ಇಲ್ಲ, 1 ಅಂದರೆ ಎಲ್ಲರದ್ದೂ ಒಂದೇ ಉತ್ತರ) 0.05 ಅಂದುಕೊಂಡರೂ, ಹಳ್ಳಿಯ ಉಳಿದ 19 ಜನರ ಲೆಕ್ಕದಲ್ಲಿ 1 + 19 × 0.05 = 1.95. 600ನ್ನು ಅದರಿಂದ ಭಾಗಿಸಿ, 308 ಸ್ವತಂತ್ರ ಉತ್ತರಗಳಷ್ಟೇ ಉಳಿಯುತ್ತೆ. ಅದೇ 600 ಜನರನ್ನು 60 ಹಳ್ಳಿಗೆ ಹತ್ತರಂತೆ ಹಂಚಿದರೆ 414. ಖರ್ಚು ಹೆಚ್ಚು, ಆದರೆ ಲೆಕ್ಕ ನಿಲ್ಲುತ್ತೆ.

ದೊಡ್ಡ ತೊಡಕು ಬೇರೆಯೇ ಇದೆ. ಇವತ್ತು ಇಲ್ಲಿ ‘ಕೂಲಿ ಗಂಡನ ಖಾತೆಗೆ’ ಅನ್ನೋ ಗುಂಪನ್ನು ಎಲ್ಲಿಂದ ತರ್ತೀರಿ? 2024ರ ಜನವರಿಯಲ್ಲಿ ಆಧಾರ್ ಮೂಲಕ ಪಾವತಿ ಕಡ್ಡಾಯ ಆಯ್ತು, ಅಂದರೆ ಕೂಲಿ ದುಡಿದವರ ಸ್ವಂತ ಆಧಾರ್‌ಗೆ ಜೋಡಿಸಿದ ಖಾತೆಗೇ. ಸಾಲದ್ದಕ್ಕೆ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ. ಅದು ದುಡಿಯದೆ ಬರುವ ಹಣ, ಕೂಲಿ ಕೊಡುವ ಪರಿಣಾಮವನ್ನು ಅದರಿಂದ ನಿರೀಕ್ಷಿಸಬೇಡಿ.

ಮಸಿಕುಡಿಕೆ:
ಹಾಗಾದರೆ ಪ್ರಯೋಗ ಬಿಟ್ಟು, ಖಾತೆ ನಿಜವಾಗಿ ಯಾರ ಹಿಡಿತದಲ್ಲಿದೆ ಅಂತ ಅಳೆಯಲಾ?

ಕಿರ್ದಿಖಾತೆ:
ಅದೇ ವಾಸಿ. ‘ಖಾತೆ ಇದೆಯಾ?’ ಅಂದರೆ ಎಲ್ಲರೂ ಹೂಂ ಅಂತಾರೆ. ಒಪ್ಪಿದರೆ ಪಾಸ್‌ಬುಕ್ ತೆಗೆಸಿ ಕೊನೆಯ ನಾಲ್ಕು ಜಮಾ ನೋಡಿ: ಪೂರ್ತಿ ಮೊತ್ತ ಅದೇ ದಿನ ತೆಗೆದಿದ್ದಾರಾ, ಎಟಿಎಂನಲ್ಲೋ ಹೆಬ್ಬೆಟ್ಟಿನ ಯಂತ್ರದಲ್ಲೋ? ಹೆಬ್ಬೆಟ್ಟಿಗೆ ಅವಳೇ ಹೋಗಬೇಕು, ಕಾರ್ಡು ಗಂಡನ ಜೇಬಲ್ಲೂ ಇರಬಹುದು. ಜಾಬ್ ಕಾರ್ಡಿನಲ್ಲಿ ಬರೆದ ಖಾತೆಯನ್ನೂ ನಂಬಬೇಡಿ. ಆಧಾರ್ ಪಾವತಿ ಹೋಗೋದು ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ. ‘ದುಡ್ಡೇ ಬಂದಿಲ್ಲ’ ಅನ್ನುವವರ ಕೂಲಿ ಎಷ್ಟೋ ಸಲ ಮರೆತ ಇನ್ನೊಂದು ಖಾತೆಯಲ್ಲಿರುತ್ತೆ.

ಅಡ್ಡಗೆರೆ:
‘ಕೆಲಸ ಮಾಡ್ತೀರಾ?’ ಅಂತ ಮಾತ್ರ ಕೇಳಬೇಡಿ, ‘ಇಲ್ಲ, ಮನೇಲೇ ಇರ್ತೀನಿ’ ಅಂತ ಬರುತ್ತೆ. ಹಿಂದಿನ ಏಳು ದಿನ ಹಿಡಿದು ಕಳೆ, ಹತ್ತಿ ಬಿಡಿಸೋದು, ಎಮ್ಮೆ, ಹೊಲಿಗೆ ಅಂತ ಒಂದೊಂದೇ ಹೆಸರು ಹೇಳಿ ಕೇಳಿ. ಗಂಡನ ಪ್ರಶ್ನೆಗಳನ್ನು ಬೇರೆ ಜಾಗದಲ್ಲಿ, ಗಂಡಸು ಸರ್ವೆಯವರಿಂದ ಕೇಳಿಸಿ.